ನಲವತ್ತು ವರ್ಷದ ಮಗು

ನಮ್ಮ ಮನೆಗೆ ಬಂದವರು ನನ್ನ ತಮ್ಮನನ್ನು ನೋಡಿ ಆಡುವ ಮಾತು ಬಹುಮಟ್ಟಿಗೆ ಒಂದೇ: “ಪಾಪ, ಮಗುವಿನಂಥವನು.” ಮಾತಿನಲ್ಲಿ ಕರುಣೆಯಿದೆ, ಕೆಡುಕೇನೂ ಇಲ್ಲ. ಆದರೆ ಈ ಮಗುವಿಗೆ ಕಳೆದ ಶ್ರಾವಣಕ್ಕೆ ೪೧ ತುಂಬಿತು. ಮೀಸೆಯಲ್ಲಿ ಅಲ್ಲಲ್ಲಿ ನರೆ ಇಣುಕಿದೆ. ಅವನಿಗೆ ಬರುವ ಮಾತು ಕೆಲವೇ. ಓದು ಬಾರದು, ಲೆಕ್ಕ ಬಾರದು. ಬುದ್ಧಿಯ ಬೆಳವಣಿಗೆಯ ಕೊರತೆಯ ಜೊತೆಗೆ ಆಟಿಸಂ ಎಂಬುದೂ ಅವನಲ್ಲಿ ಸೇರಿಕೊಂಡಿದೆಯೆಂದು ವೈದ್ಯರು ಹೇಳಿದ್ದು ಅವನಿಗೆ ಇಪ್ಪತ್ತು ದಾಟಿದ ಮೇಲೆ. ಇವೆರಡೂ ಒಂದೇ ಅಲ್ಲ. ಆಟಿಸಂ ಇದ್ದವರಲ್ಲಿ ಬುದ್ಧಿಗೆ ಯಾವ ಕೊರತೆಯೂ ಇಲ್ಲದವರು ಎಷ್ಟೋ ಮಂದಿ. ನನ್ನ ತಮ್ಮನಿಗೆ ಎರಡೂ ಕೂಡಿ ಬಂದವು. ವೈದ್ಯರು ಹೆಸರು ಹೇಳುವುದಕ್ಕೆ ಮೊದಲು ಅವನಿಗಿದ್ದ ಹೆಸರುಗಳೆಲ್ಲ ಊರು ಕೊಟ್ಟವು.

ಕನ್ನಡದಲ್ಲಿ ಇಂಥವರನ್ನು ಕರೆಯಲು ಪದಗಳಿಗೆ ಬರವಿಲ್ಲ. ಪೆದ್ದ, ಬೆಪ್ಪ, ಮಂಕ, ಗಾಂಪ ಎಂದು ನಿಘಂಟು ತೆರೆದರೆ ಇನ್ನೂ ಹತ್ತಾರು ಸಿಕ್ಕಾವು. ಇವು ಒರಟೆನಿಸಿದಾಗ ಸಂಸ್ಕೃತದ ಮೊರೆಹೊಕ್ಕು ಮಂದಮತಿ ಎಂದೆವು. ಆಮೇಲೆ ಬುದ್ಧಿಮಾಂದ್ಯ ಎಂದೆವು. ಈಗ ವಿಶೇಷಚೇತನ ಎನ್ನುತ್ತೇವೆ. ಪದ ಬದಲಾದದ್ದು ಒಳ್ಳೆಯದೇ. ಆದರೆ ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನ ಕಣ್ಣಿಗೆ ಒಂದು ಸಂಗತಿ ಬೀಳದೆ ಇರದು. ನಾವು ಬದಲಿಸಿದ್ದು ನಾಮಪದವನ್ನು ಮಾತ್ರ. ಕ್ರಿಯಾಪದ ಹಿಂದಿನದೇ ಉಳಿಯಿತು. ವೇದಿಕೆಯ ಮೇಲೆ ‘ವಿಶೇಷಚೇತನರು’ ಎಂದು ಬಹುವಚನದಲ್ಲಿ ಭಾಷಣ ಮಾಡಿದವರೇ ಕೆಳಗಿಳಿದು ಬಂದು, “ಏನೋ ಪುಟ್ಟ, ಊಟ ಆಯ್ತೇನೋ?” ಎನ್ನುತ್ತಾರೆ. ಉತ್ತರಕ್ಕೂ ಕಾಯುವುದಿಲ್ಲ. ಪಕ್ಕದಲ್ಲಿರುವ ನಮ್ಮಮ್ಮನ ಕಡೆಗೆ ತಿರುಗಿ, “ಊಟ ಮಾಡಿದನೇ?” ಎಂದು ಕೇಳುತ್ತಾರೆ. ಎದುರಿಗೇ ಕುಳಿತಿರುವ ಮನುಷ್ಯ ಒಂದು ಕ್ಷಣದಲ್ಲಿ ಅನ್ಯಪುರುಷನಾಗಿಬಿಡುತ್ತಾನೆ. ಮನೆಯೊಳಗಿನ ಆರೈಕೆಯ ಗುಣವನ್ನು ಅಳೆಯುವ ಕೋಲು ಬೇಕಾದರೆ ಅದನ್ನು ಇಲ್ಲಿಂದಲೇ ಎತ್ತಿಕೊಳ್ಳಬೇಕೆಂದು ನನಗೆ ತೋರುತ್ತದೆ. ಆದರೆ ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಮನೆಯಲ್ಲಿ ಒದಗಿದ ಕಷ್ಟದಿಂದ.

ಎರಡು ವರ್ಷದ ಹಿಂದೆ ನಮ್ಮ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ. ಅಲ್ಲಿಯವರೆಗೆ ತಮ್ಮನ ಸ್ನಾನ, ಊಟ, ಬಟ್ಟೆ, ನಿದ್ದೆ ಎಲ್ಲವೂ ಅವರದೇ. ನಾನು ಹಬ್ಬಕ್ಕೆ ಅವನಿಗೆ ಅಂಗಿ ತಂದುಕೊಟ್ಟು ಅಣ್ಣನ ಕರ್ತವ್ಯ ಮುಗಿಯಿತೆಂದುಕೊಂಡವನು. ನನಗೂ ನನ್ನ ಹೆಂಡತಿಗೂ ಹಗಲೆಲ್ಲ ಕೆಲಸ. ಮನೆಗೇ ಬಂದು ನೋಡಿಕೊಳ್ಳುವವರನ್ನು ಒದಗಿಸುವ ಒಂದು ಸಂಸ್ಥೆಯಿಂದ ಯುವಕನೊಬ್ಬನನ್ನು ಕರೆತಂದೆವು.

ಆ ಯುವಕ ಕೆಟ್ಟವನಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ತಮ್ಮನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಕಲಸಿದ ಅನ್ನವನ್ನು ಚಮಚದಲ್ಲಿ ತಿನ್ನಿಸಿ, ಕುರ್ಚಿಯಲ್ಲಿ ಕೂಡಿಸಿ, ಎದುರಿಗೆ ಮೊಬೈಲಿನಲ್ಲಿ ಚಿತ್ರ ಹಾಕಿಟ್ಟು, ಬೀದಿಗೆ ಹೋಗದಂತೆ ಬಾಗಿಲಿಗೆ ಚಿಲಕ ಹಾಕುತ್ತಿದ್ದ. ಸಂಜೆ ನಾವು ಬಂದು ನೋಡಿದರೆ ಎಲ್ಲವೂ ಅಚ್ಚುಕಟ್ಟು. ಒಂದು ವಾರ ನಾವು ಸಮಾಧಾನದಿಂದಿದ್ದೆವು. ಎರಡನೆಯ ವಾರ ತಮ್ಮ ಊಟ ಬಿಟ್ಟ. ಮೂರನೆಯ ವಾರ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಇಂಥವರಲ್ಲಿ ಇದು ಸಾಮಾನ್ಯವೆಂದು ಅವರು ಉದ್ವೇಗ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ತಮ್ಮ ಹಗಲೆಲ್ಲ ನಿದ್ದೆ ಹೋದ. ಹೊಡೆದುಕೊಳ್ಳುವುದು ಕಡಿಮೆಯಾಯಿತು. ನಾವು ಅದನ್ನೇ ಗುಣವೆಂದು ತಿಳಿದೆವು.

ನಿಜ ಹೇಳಿದವರು ಹಾಸಿಗೆಯಲ್ಲಿ ಮಲಗಿದ್ದ ತಾಯಿ. ಅವರಿಗೆ ಗಾಬರಿಯಾಗಬಾರದೆಂದು ನಾವು ವಿಷಯ ಮುಚ್ಚಿಟ್ಟಿದ್ದೆವು. ಹೇಗೋ ಕಿವಿಗೆ ಬಿತ್ತು. “ಯಾವ ಕೆನ್ನೆಗೆ ಹೊಡ್ಕೋತಾನೆ?” ಎಂದು ಕೇಳಿದರು. ಎಡಗೆನ್ನೆ ಎಂದೆ. “ಅವನ ಹಲ್ಲು ನೋಡಿಸ್ರೋ, ಹಲ್ಲು! ಚಿಕ್ಕಂದಿನಿಂದಲೂ ಹಲ್ಲುನೋವು ಬಂದರೆ ಹಾಗೇ ಮಾಡೋದು.” ಎಡಗಡೆಯ ದವಡೆಹಲ್ಲು ಬುಡದವರೆಗೆ ಕೊಳೆತಿತ್ತು. ತನ್ನ ನೋವನ್ನು ಹೇಳಿಕೊಳ್ಳಲು ಅವನಿಗಿದ್ದ ಭಾಷೆ ಅದೊಂದೇ. ನಾವು ಮಾತ್ರೆ ಕೊಟ್ಟು ಆ ಭಾಷೆಯ ಬಾಯಿ ಮುಚ್ಚಿಸಿದ್ದೆವು. ಕಾಲೇಜಿನಲ್ಲಿ ನಾನು ಹಳಗನ್ನಡದ ಕ್ಲಿಷ್ಟ ಪದ್ಯಗಳನ್ನು ಬಿಡಿಸಿ ಹೇಳುವವನು. ಒಂದೇ ಸೂರಿನ ಕೆಳಗೆ ಬದುಕುವ ತಮ್ಮನ ಒಂದು ಸನ್ನೆಯನ್ನು ಓದಲಾರದೆ ಹೋದೆ.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಸವಲತ್ತುಗಳಲ್ಲಿ ನಮಗಿಂತ ಎಷ್ಟೋ ಮುಂದಿರುವ ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಗಿದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ೨೦೧೫ರಲ್ಲಿ ಮಾಡಿದ ಅಂದಾಜಿನಂತೆ, ಕಲಿಕೆಯ ಕೊರತೆಯುಳ್ಳ ವಯಸ್ಕರಲ್ಲಿ ೩೦,೦೦೦ದಿಂದ ೩೫,೦೦೦ ಮಂದಿ ತಕ್ಕ ಕಾಯಿಲೆಯಿಲ್ಲದೆಯೇ ಮನೋರೋಗದ ಮಾತ್ರೆಗಳನ್ನು ನುಂಗುತ್ತಿದ್ದರು. ೨೦೧೬ರಲ್ಲಿ ಅದನ್ನು ತಗ್ಗಿಸುವುದಕ್ಕೆಂದೇ ಒಂದು ಚಳವಳಿ ಅಲ್ಲಿ ಆರಂಭವಾಯಿತು. ಮಾತ್ರೆ ಬೇಕಾದವರಿಗೆ ಬೇಕೇ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಾತಾಡಲಾರದವನ ನಡತೆ ಹಠಾತ್ತನೆ ಬದಲಾದರೆ ಮೊದಲು ಹುಡುಕಬೇಕಾದದ್ದು ಹಲ್ಲು, ಕಿವಿ, ಹೊಟ್ಟೆಗಳ ನೋವನ್ನು. ಎಲ್ಲವನ್ನೂ ಅವನ ಸ್ವಭಾವದ ತಲೆಗೆ ಕಟ್ಟುವುದು ನಮಗೆ ಸುಲಭ, ಅವನಿಗೆ ಘಾತಕ.

ಯುವಕ ಬಿಟ್ಟುಹೋದ ಮೇಲೆ ಹತ್ತಿರದ ಹಳ್ಳಿಯಿಂದ ನಡುವಯಸ್ಸಿನವರೊಬ್ಬರು ಬಂದರು. ಅವರಿಗೆ ಯಾವ ತರಬೇತಿಯೂ ಆಗಿರಲಿಲ್ಲ. ಬಂದ ದಿನ ತಮ್ಮನ ಪಕ್ಕದಲ್ಲಿ ಜಗಲಿಯ ಮೇಲೆ ಸುಮ್ಮನೆ ಕುಳಿತರು. ಬಹಳ ಹೊತ್ತಾದ ಮೇಲೆ, “ಅಣ್ಣಾ, ನೀರು ಕಾದದೆ, ಸ್ನಾನಕ್ಕೆ ಬತ್ತೀರಾ?” ಎಂದರು. ನಲವತ್ತು ವರ್ಷದಲ್ಲಿ ತಮ್ಮನನ್ನು ಯಾರಾದರೂ ಬಹುವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಮ್ಮ ಆ ಕೂಡಲೇ ಏಳಲಿಲ್ಲ, ಅವರು ಕಾದರು. ಆಮೇಲೆ ಅವನಾಗಿಯೇ ಎದ್ದು ಹೋದ.

ಸಾಮಾನುಗಳನ್ನು ಸಾಲಾಗಿ ಜೋಡಿಸುವುದು ತಮ್ಮನ ಚಟ. ಬಾಗಿಲ ಬಳಿಯ ಚಪ್ಪಲಿ, ಅಡಿಗೆಮನೆಯ ಲೋಟ, ಚಮಚ, ಕೈಗೆ ಸಿಕ್ಕಿದ್ದೆಲ್ಲ ಸಾಲಾಗಬೇಕು. ನಾವೆಲ್ಲರೂ ಅದನ್ನು ಬಿಡಿಸಲು ನೋಡಿದವರೇ. ಈ ಮನುಷ್ಯ ಅವರೆಯ ಕಾಲದಲ್ಲಿ ಒಂದು ದಿನ ಮೊರದ ತುಂಬ ಅವರೆಕಾಯಿ ತಂದು ಅವನ ಮುಂದಿಟ್ಟರು. ತಮ್ಮ ಕಾಯಿಗಳನ್ನು ಒಂದೊಂದಾಗಿ ಸಾಲುಗಟ್ಟಿದ. ಸಾಲಿನ ತುದಿಯಿಂದ ಒಂದನ್ನೆತ್ತಿ ಅವರು ಸುಲಿದು ತೋರಿಸಿದರು. ಎರಡನೆಯದನ್ನು ಇಬ್ಬರೂ ಕೂಡಿ ಸುಲಿದರು. ಮೂರನೆಯದು ತಮ್ಮನದು. ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಬೇರೆ ಯಾರಾದರೂ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ಅಂದಿನ ಹುಳಿಗೆ ಅವನು ಸುಲಿದ ಕಾಳೇ. ಊಟಕ್ಕೆ ಕುಳಿತಾಗ ಎಲ್ಲರ ತಟ್ಟೆಯನ್ನೂ ಅವನು ಒಂದೊಂದಾಗಿ ನೋಡಿದ. ಆ ಮನೆಯಲ್ಲಿ ಅವನು ಇನ್ನೊಬ್ಬರಿಗೆ ಬಡಿಸಿದ ಮೊದಲ ಊಟವದು.

ಇದನ್ನು ಕಂಡಾಗ ನನಗೆ ನೆನಪಾದದ್ದು ಎಂಬತ್ತು ವರ್ಷಗಳಿಗೂ ಹಿಂದೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ನಡೆದ ಒಂದು ಸಂಗತಿ. ಆಟಿಸಂ ಎಂಬುದನ್ನು ಮೊದಲು ವಿವರವಾಗಿ ಬರೆದವರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಮುಖ್ಯರು. ೧೯೪೩ರ ಅವರ ಲೇಖನದಲ್ಲಿ ೧೧ ಮಕ್ಕಳ ವೃತ್ತಾಂತವಿದೆ. ಅವರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ೧೯೩೩ರಲ್ಲಿ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅವನನ್ನು, ನಾಲ್ಕು ತುಂಬುವ ಮೊದಲೇ, ವೈದ್ಯರ ಸಲಹೆಯಂತೆ ಒಂದು ಸಂಸ್ಥೆಗೆ ಸೇರಿಸಿದ್ದರು. ಅಲ್ಲಿ ಮಗು ಬಾಡಿತು. ಒಂದು ವರ್ಷದ ಬಳಿಕ ತಂದೆ-ತಾಯಿ, ಬೇಡವೆಂದವರ ಮಾತನ್ನು ಕೇಳದೆ, ಮನೆಗೆ ಕರೆತಂದರು.

ಮುಂದೆ ಹುಡುಗ ಕೆಲವು ವರ್ಷ ಊರಾಚೆಯ ಹೊಲವೊಂದರಲ್ಲಿ ರೈತದಂಪತಿಗಳ ಬಳಿ ಬೆಳೆದ. ೧೯೪೫ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ಕಂಡದ್ದನ್ನು ಬರೆದಿಟ್ಟಿದ್ದಾರೆ. ಹುಡುಗನಿಗೆ ಎಲ್ಲವನ್ನೂ ಅಳೆಯುವ ಹುಚ್ಚು. ಆ ದಂಪತಿಗಳು ಅವನಿಂದ ಬಾವಿ ತೋಡಿಸಿ, ಆಳವನ್ನು ಅಳೆದು ಹೇಳುವ ಕೆಲಸ ಕೊಟ್ಟರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಉಳುತ್ತಾ ಎಣಿಸು ಎಂದರು. ಚಟವನ್ನು ಕೀಳಲು ಹೋಗದೆ ಅದಕ್ಕೊಂದು ಗುರಿ ಕೊಟ್ಟ ಅವರ ಜಾಣ್ಮೆಗೆ ಆ ದೊಡ್ಡ ವೈದ್ಯ ಬೆರಗಾದರು. ಡೊನಾಲ್ಡ್ ೧೯೫೮ರಲ್ಲಿ ಪದವಿ ಪಡೆದ. ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದ. ಕಾರು ನಡೆಸಿದ, ದೇಶಗಳನ್ನು ಸುತ್ತಿದ. ತಂದೆ-ತಾಯಿ ತೀರಿಕೊಂಡ ಮೇಲೆಯೂ ಅದೇ ಮನೆಯಲ್ಲಿ ಬಾಳಿ, ೨೦೨೩ರ ಜೂನ್ ತಿಂಗಳಿನಲ್ಲಿ ೮೯ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ.

ಆ ಮನೆಯವರು ಹಣವಂತರು, ಬ್ಯಾಂಕು ಅವರ ಬಳಗದ್ದೇ ಎಂಬುದು ನಿಜ. ಡೊನಾಲ್ಡನ ಬುದ್ಧಿಶಕ್ತಿ ನನ್ನ ತಮ್ಮನಿಗಿಲ್ಲವೆಂಬುದೂ ನಿಜ. ಆದರೆ ಆ ರೈತದಂಪತಿಗಳು ಸಾಮಾನ್ಯರು. ಅವರಿಗಿದ್ದದ್ದು ಹಣವಲ್ಲ, ಎದುರಿಗಿರುವವನು ಏನನ್ನು ಪ್ರೀತಿಸುತ್ತಾನೆಂದು ನೋಡುವ ಕಣ್ಣು. ನಮ್ಮ ಮನೆಗೆ ಅವರೆಕಾಯಿ ಹೊತ್ತು ಬಂದವರಿಗೂ ಇದ್ದದ್ದು ಅದೇ.

ಹಾಗಾದರೆ ಒಳ್ಳೆಯ ಆರೈಕೆ ಎಂದರೇನು? ಶುಚಿ, ಊಟ, ಔಷಧಿ ಎಲ್ಲವೂ ಬೇಕು. ಇವಿಲ್ಲದೆ ಹಾಸಿಗೆಯಲ್ಲೇ ಕೊಳೆಯುವವರು, ಕಂಬಕ್ಕೆ ಕಟ್ಟಿಸಿಕೊಂಡವರು ನಮ್ಮ ಊರುಗಳಲ್ಲಿ ಇಲ್ಲವೆಂದಲ್ಲ. ಆದರೆ ಇಷ್ಟು ಕೊಟ್ಟಲ್ಲಿಗೆ ಆರೈಕೆ ಮುಗಿಯಿತೆಂದುಕೊಂಡರೆ ಅದು ಸಾಕಣೆಯಾಗುತ್ತದೆ. ದನವನ್ನೂ ಹೀಗೆ ಸಾಕಬಹುದು. ಸ್ವೀಡನ್ನಿನ ಬೆಂಗ್ಟ್ ನಿರ್ಯೆ ೧೯೬೯ರಲ್ಲಿ ಈ ವಿಷಯದಲ್ಲಿ ಬರೆದ ಲೇಖನದ ತಿರುಳು ಸರಳವಾದುದು: ಎಲ್ಲರಿಗೂ ಇರುವ ದಿನದ, ವಾರದ, ವರುಷದ ಲಯ ಇವರಿಗೂ ಇರಬೇಕು, ತಮ್ಮ ಇಷ್ಟಾನಿಷ್ಟಕ್ಕೆ ಬೆಲೆಯಿರಬೇಕು, ಬೆಳೆದವರನ್ನು ಬೆಳೆದವರಂತೆ ಕಾಣಬೇಕು. ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ, ಇಂದು ಯಾವ ಅಂಗಿಯೆಂದು ಅವನನ್ನು ಕೇಳಬೇಕು, ಎರಡು ಅಂಗಿಗಳನ್ನು ಎತ್ತಿ ಹಿಡಿದು ಕೇಳಿದರೂ ಸಾಕು. ಸ್ನಾನದ ಬಾಗಿಲು ಮುಚ್ಚಿರಬೇಕು. ತಟ್ಟೆಯಲ್ಲಿ ಅನ್ನ, ಹುಳಿ ಬೇರೆ ಬೇರೆ ಬೇಕೆಂದರೆ ಬೇರೆಯಾಗಿಯೇ ಬಡಿಸಬೇಕು. ಕೈಯಲ್ಲಿ ತಾನೇ ತಿನ್ನಬಲ್ಲವನ ಬಾಯಿಗೆ, ನೆಲ ಕೊಳೆಯಾಗುತ್ತದೆಂದು ಚಮಚ ತುರುಕಬಾರದು. ಊರ ಜಾತ್ರೆಗೆ, ನೆಂಟರ ಮದುವೆಗೆ ಅವನೂ ಬರಬೇಕು. ಇವಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಹೊತ್ತು. ಬೇಗ ಮುಗಿಸುವ ಆತುರದಲ್ಲಿ ಅವನ ಕೆಲಸವನ್ನೆಲ್ಲ ನಾವೇ ಮಾಡಿ, ಅವನ ಕೈಗಳನ್ನು ಅವನಿಂದ ಕಿತ್ತುಕೊಳ್ಳುತ್ತೇವೆ. ಆಮೇಲೆ ಏನೂ ಬಾರದವನೆಂದು ಮರುಗುತ್ತೇವೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ನಮ್ಮ ತಾಯಂದಿರು ಈ ಕೆಲಸವನ್ನು ಅನಾದಿಯಿಂದ ಮಾಡಿಕೊಂಡು ಬಂದಿಲ್ಲವೇ? ತಾಯಿಯ ಪ್ರೀತಿಗೆ ಮಿಗಿಲಾದ ಆರೈಕೆ ಯಾವುದು? ಈ ಮಾತಿಗೆ ನಾನು ತಲೆಬಾಗುತ್ತೇನೆ, ಆದರೆ ಒಪ್ಪುವುದಿಲ್ಲ. ತಾಯಿಯನ್ನು ದೇವರೆಂದು ಕೈಮುಗಿಯುವುದರಲ್ಲಿ ನಮ್ಮ ಒಂದು ಕುಟಿಲವೂ ಅಡಗಿದೆ. ದೇವರಿಗೆ ಆಯಾಸವಿಲ್ಲ, ರಜೆ ಬೇಡ, ಸಂಬಳ ಬೇಡ, ಸೊಂಟನೋವಿಲ್ಲ. ಆದ್ದರಿಂದ ನಾವು ಕೈಹಚ್ಚಬೇಕಾಗಿಲ್ಲ. ನಾಲ್ಕು ದಶಕ ನಾನು ಮಾಡಿದ್ದು ಈ ಪೂಜೆಯನ್ನೇ. ಪೂಜೆಯ ಫಲವಾಗಿ ನಮ್ಮ ತಾಯಿ ತಮ್ಮ ಅಣ್ಣನ ಮಗಳ ಮದುವೆಗೂ ಹೋಗಲಾಗಲಿಲ್ಲ. ತಾಯಿ ಒಬ್ಬರೇ ಬಲ್ಲ ಆರೈಕೆ ಎಷ್ಟೇ ಒಳ್ಳೆಯದಾಗಿರಲಿ, ಅದು ಒಂದೇ ಪ್ರತಿಯಿರುವ ಓಲೆಯ ಕಟ್ಟಿನಂತೆ. ಅವರೊಡನೆ ಅದೂ ಹೋಗುತ್ತದೆ. “ನಾನು ಹೋದಮೇಲೆ ಇವನ ಗತಿ?” ಎಂದು ಇಂಥ ಪ್ರತಿಯೊಂದು ಮನೆಯಲ್ಲೂ ಕೇಳಿಬರುವ ಪ್ರಶ್ನೆಗೆ ದೇವರ ಪಟದ ಕಡೆ ಕೈತೋರಿಸುವುದು ಉತ್ತರವಲ್ಲ.

ಹಾಗಾದರೆ ಸಂಸ್ಥೆಗೆ ಸೇರಿಸಬಹುದಲ್ಲ ಎನ್ನುವವರೂ ಉಂಟು. ಒಳ್ಳೆಯ ಸಂಸ್ಥೆಗಳಿವೆ, ಮನೆಯೇ ಇಲ್ಲದವರಿಗೆ ಅವು ಬೇಕು. ಆದರೆ ಗೋಡೆ ಎತ್ತರವಾದಷ್ಟೂ ಒಳಗಿನದು ಹೊರಗೆ ಕಾಣದು. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಕಲಿಕೆಯ ಕೊರತೆ ಮತ್ತು ಆಟಿಸಂ ಇರುವ ವಯಸ್ಕರನ್ನು ಸಿಬ್ಬಂದಿ ಹೊಡೆದು ಹಿಂಸಿಸುತ್ತಿದ್ದುದು ೨೦೧೧ರಲ್ಲಿ ಬಿ.ಬಿ.ಸಿ.ಯ ಗುಪ್ತ ಚಿತ್ರೀಕರಣದಿಂದ ಬಯಲಾಯಿತು. ೨೦೧೨ರಲ್ಲಿ ೧೧ ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ೬ ಮಂದಿ ಸೆರೆಮನೆಗೆ ಹೋದರು. ತಪಾಸಣೆಯ ವ್ಯವಸ್ಥೆ ಅಲ್ಲಿ ಇರಲಿಲ್ಲವೇ? ಇತ್ತು. ಒಳಗಿದ್ದ ದಾದಿಯೊಬ್ಬರು ದೂರನ್ನೂ ಕೊಟ್ಟಿದ್ದರು. ಕಿವಿಗೊಟ್ಟವರಿರಲಿಲ್ಲ. ಈ ಪಾಠ ಮನೆಗೂ ಸಲ್ಲುತ್ತದೆ. ಚಿಲಕ ಹಾಕಿದ ಮನೆಯೂ ಒಂದು ಸಣ್ಣ ಸಂಸ್ಥೆಯೇ. ನೆರೆಯವರು ಬಂದುಹೋಗುವ, ಅವನು ಜಗಲಿಯಲ್ಲಿ ಕುಳಿತು ನಾಲ್ಕು ಜನರಿಗೆ ಕಾಣುವ ಮನೆಯೇ ಕ್ಷೇಮ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ೧೯೯೯ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿಯೇ ಹುಟ್ಟಿದ್ದು. ಅದರಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ವಯಸ್ಕರಿಗೆ ಪಾಲಕರನ್ನು ನೇಮಿಸಿಕೊಳ್ಳಬಹುದು. ‘ನಿರಾಮಯ’ ಎಂಬ ೧ ಲಕ್ಷ ರೂಪಾಯಿಯವರೆಗಿನ ಆರೋಗ್ಯವಿಮೆಯುಂಟು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಇವರಿಗೆ ಸಮುದಾಯದ ನಡುವೆ ಬಾಳುವ ಹಕ್ಕನ್ನು ಕೊಟ್ಟಿದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆಯ ಭತ್ಯೆಯ ಮಾತನ್ನೂ ಆಡಿದೆ. ೨೦೧೧ರ ಜನಗಣತಿಯಲ್ಲಿ ಬುದ್ಧಿಮಾಂದ್ಯರೆಂದು ದಾಖಲಾದವರೇ ದೇಶದಲ್ಲಿ ಸುಮಾರು ೧೫ ಲಕ್ಷ. ಆಟಿಸಂಗೆ ಆ ಗಣತಿಯಲ್ಲಿ ಬೇರೆ ಕಲಮೇ ಇರಲಿಲ್ಲ. ಆದರೆ ಕಾಯಿದೆ ಮನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತದೆ. ಒಳಗೆ ಬಂದು ಅವನಿಗೆ ಊಟ ಬಡಿಸುವವರು ಯಾರು, ಅವರಿಗೆ ಕಲಿಸಿದವರು ಯಾರು, ಅವರ ಕೂಲಿಯೆಷ್ಟು ಎಂದು ಕೇಳುವವರಿಲ್ಲ. ಮನೆಗೆ ಬಂದು ನೋಡಿಕೊಳ್ಳುವವರನ್ನು ನಾವು ಮನೆಗೆಲಸದವರಿಗಿಂತ ಬೇರೆಯಾಗಿ ಎಣಿಸಿಲ್ಲ. ಆ ಮೊದಲ ಯುವಕನ ತಪ್ಪಿಗಿಂತ, ಏನೂ ಹೇಳಿಕೊಡದೆ ಅವನ ಕೈಗೆ ಒಬ್ಬ ಮನುಷ್ಯನನ್ನು ಒಪ್ಪಿಸಿದ ನಮ್ಮ ತಪ್ಪು, ಕಳುಹಿಸಿದವರ ತಪ್ಪು ದೊಡ್ಡದು. ಈ ಕೆಲಸಕ್ಕೆ ಶಿಕ್ಷಣ ಬೇಕು, ಗೌರವದ ಸಂಬಳ ಬೇಕು, ತಿಂಗಳಿಗೊಮ್ಮೆಯಾದರೂ ಬಂದು ನೋಡುವ ತಿಳಿದವರ ಕಣ್ಣು ಬೇಕು. ನೋಡಿಕೊಳ್ಳುವ ತಾಯಿಗೆ ವರ್ಷದಲ್ಲಿ ಕೆಲವು ದಿನ ಬಿಡುವು ಬೇಕು. ಇವನ್ನು ಸರ್ಕಾರದಿಂದ ಕೇಳುವುದು ಭಿಕ್ಷೆಯಲ್ಲ.

ಸರ್ಕಾರ ಕಣ್ಣು ತೆರೆಯುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ತಾಯಿ ಈಗ ಕೋಲೂರಿ ನಡೆಯುತ್ತಾರೆ. ದಿನಾ ಸಂಜೆ ಅರ್ಧ ಗಂಟೆ ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕೆನ್ನೆಗೆ ಹೊಡೆದುಕೊಂಡರೆ ಹಲ್ಲು. ಗೋಡೆಗೆ ಒರಗಿ ಕುಳಿತರೆ ಹೊಟ್ಟೆ. ‘ಬಾ ಬಾ’ ಎಂದರೆ ಬಸ್ಸು. ಆರೂವರೆಯ ಬಸ್ಸು ತಿರುವಿನಲ್ಲಿ ಕಾಣುವವರೆಗೆ ಜಗಲಿಯಿಂದ ಎಬ್ಬಿಸಕೂಡದು. ಗುಡುಗಿದರೆ ದೀಪ ಆರಿಸಬಾರದು. ಅರುವತ್ತು ಪುಟಗಳಾಗಿವೆ, ಇನ್ನೂ ಮುಗಿದಿಲ್ಲ. ಇಂಥವರೊಬ್ಬರು ಇರುವ ಪ್ರತಿಯೊಂದು ಮನೆಯಲ್ಲೂ ಇಂಥದೊಂದು ಪುಸ್ತಕ ಇರಬೇಕೆಂದು ನನ್ನ ವಿನಂತಿ. ಅದನ್ನು ಬರೆಯಲು ವಿದ್ವತ್ತು ಬೇಡ. ಕೇಳಿ ಬರೆದುಕೊಳ್ಳುವ ತಾಳ್ಮೆ ಬೇಕು.

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಜಗಲಿಯಲ್ಲಿ ಕುಳಿತ ತಮ್ಮನನ್ನು ಕಂಡು, ಎಲ್ಲರಂತೆಯೇ, “ಊಟ ಆಯ್ತಾ ಸಾರ್ ಇವನದು?” ಎಂದು ನನ್ನನ್ನು ಕೇಳಿದ. “ಅವರನ್ನೇ ಕೇಳಪ್ಪ” ಎಂದೆ. ಹುಡುಗ ತುಸು ತಡವರಿಸಿದ, ಆಮೇಲೆ ತಮ್ಮನ ಕಡೆಗೆ ತಿರುಗಿ, “ಊಟ ಆಯಿತೇ?” ಎಂದ. ತಮ್ಮ ಉತ್ತರ ಕೊಡಲಿಲ್ಲ. ಆ ಹೊತ್ತಿಗೆ ತಿರುವಿನಲ್ಲಿ ಬಸ್ಸು ಬರುವುದಿತ್ತು. ಹುಡುಗ ಅವನ ಪಕ್ಕದಲ್ಲಿ ಕುಳಿತು ಕಾದ.